ತುಂಡು ಮಾಡಿ ಓದಿದ ಫ್ರೆಂಚ್

ಫ್ರೆಂಚ್ ಓದುವುದು ಕಷ್ಟ ಅನ್ನುವವರ ತಕರಾರು ಹೆಚ್ಚುಕಡಿಮೆ ಒಂದೇ. ಬರೆಯುವುದು ಹತ್ತು ಅಕ್ಷರ, ಬಾಯಿಗೆ ಬರುವುದು ನಾಲ್ಕು, ಉಳಿದವೆಲ್ಲ ಸುಮ್ನೆ ಕೂತಿರುತ್ತವೆ. ಹಾಗಾಗಿ ಎಲ್ಲರೂ ಯಾವ ಅಕ್ಷರ ಓದಬೇಕು, ಯಾವುದನ್ನು ಬಿಡಬೇಕು ಅಂತ ಪಟ್ಟಿ ಬಾಯಿಪಾಠ ಮಾಡುವುದರಿಂದ ಶುರು ಮಾಡುತ್ತಾರೆ. ಆ ದಾರಿಯಲ್ಲಿ ಜಾಸ್ತಿ ದೂರ ಹೋಗಲು ಆಗುವುದಿಲ್ಲ. ಈ ಭಾಷೆಯಲ್ಲಿ ಒಂದು ಅಕ್ಷರದ ಧ್ವನಿ ಏನು ಅನ್ನುವುದು ಆ ಅಕ್ಷರವೊಂದನ್ನೇ ದಿಟ್ಟಿಸಿದರೆ ಗೊತ್ತಾಗುವುದಿಲ್ಲ, ಪದ ಎಲ್ಲಿ ತುಂಡಾಗುತ್ತದೆ ಅಂತ ಕಂಡುಕೊಂಡರೆ ಅರ್ಧಕ್ಕರ್ಧ ತಾನಾಗೇ ಬರುತ್ತದೆ. ನಾನು ಕಲಿತದ್ದು ಹೀಗೆ ತುಂಡು ಮಾಡಿಕೊಂಡೇ, ಅದನ್ನೇ ಬರೆಯುತ್ತಿದ್ದೇನೆ.

ನಾವು ದಕ್ಷಿಣ ಫ್ರಾನ್ಸಿನ ತುಲೂಜ಼್‌ಗೆ ಬಂದದ್ದು ಇವರ ಕೆಲಸಕ್ಕಾಗಿ. ವಿಮಾನ ತಯಾರಿಸುವ ಏರ್‌ಬಸ್ ಕಂಪನಿ ಇರುವ ಊರು, ಬೆಂಗಳೂರಿನಿಂದ ಬಂದ ಇಂಜಿನಿಯರುಗಳು ಇಲ್ಲಿ ಅಪರೂಪವೇನಲ್ಲ. ಇವರ ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಮನೆಯಲ್ಲಿ ಕನ್ನಡ. ಬೇಕರಿ, ಔಷಧಿ ಅಂಗಡಿ, ಸ್ಕೂಲಿನ ಗೇಟು, ಇಲ್ಲೆಲ್ಲ ಫ್ರೆಂಚೇ ಆಗಬೇಕು, ಮತ್ತು ಇವೆಲ್ಲ ನನ್ನ ಪಾಲಿಗೇ ಬಂದವು. ಒಂದು ಸಂಘದವರು ಸಂಜೆ ಹೊತ್ತು ನಡೆಸುವ ಕ್ಲಾಸಿಗೆ ಸೇರಿದೆ, ನಿವೃತ್ತರಾದ ಮೇಡಂ ಒಬ್ಬರು ಕಲಿಸುತ್ತಿದ್ದರು. ಅದೇ ಸೆಪ್ಟೆಂಬರಿನಲ್ಲಿ ಮಗಳು ಇಲ್ಲಿನ ಒಂದನೇ ಕ್ಲಾಸಿಗೆ ಹೋದಳು. ಇಲ್ಲಿಯವರು ಅದನ್ನು ಸೇ-ಪೇ ಅನ್ನುತ್ತಾರೆ, ಆರು ವರ್ಷದ ಮಕ್ಕಳು ಓದಲು ಕಲಿಯುವ ವರ್ಷ. ಹೀಗೆ ನನಗೆ ಇಬ್ಬರು ಟೀಚರುಗಳು ಸಿಕ್ಕರು, ಅವರಲ್ಲಿ ಚಿಕ್ಕವಳೇ ಜಾಸ್ತಿ ಸ್ಟ್ರಿಕ್ಟು.

ಅವಳ ಓದಿನ ಪುಸ್ತಕದಲ್ಲಿ ಪ್ರತಿ ಪದದ ಕೆಳಗೆ ಸಣ್ಣ ಸಣ್ಣ ಕಮಾನುಗಳು, ಒಂದು ಸಿಲಬಲ್‌ಗೆ ಒಂದು. ಓದಬಾರದ ಅಕ್ಷರಗಳು ಕಪ್ಪಗಿಲ್ಲ, ಬೂದು ಬಣ್ಣದಲ್ಲಿ ಮಸುಕಾಗಿವೆ. ಓದು ಶುರುವಾಗುವ ಮೊದಲೇ, ನರ್ಸರಿಯಲ್ಲೇ, ಮಕ್ಕಳಿಗೆ ಪದ ಹೇಳುತ್ತಾ ಚಪ್ಪಾಳೆ ತಟ್ಟಿಸುತ್ತಾರೆ. ಅವರಿಗೆ ಎ ಬಿ ಸಿ ಡಿ ಬರುವ ಮೊದಲೇ ಯಾವ ಪದಕ್ಕೆ ಎಷ್ಟು ತುಂಡು ಅಂತ ಕಿವಿಗೆ ಗೊತ್ತಿರುತ್ತದೆ. ದೊಡ್ಡವರಾಗಿ ಕಲಿಯುವ ನಮಗೆ ಇದನ್ನು ಯಾರೂ ಮಾಡಿಸುವುದಿಲ್ಲ, ನೇರ ವ್ಯಾಕರಣಕ್ಕೆ ತಳ್ಳಿಬಿಡುತ್ತಾರೆ. (ಮುಂದೆ ಗೊಂದಲ ಆಗದಿರಲಿ ಅಂತ ಹೇಳಿಬಿಡುತ್ತೇನೆ. ನಾನು ಫ್ರೆಂಚಿನ ಅಕ್ಷರ ಅಂದರೆ ಎ ಬಿ ಸಿ ಡಿ, ಸಿಲಬಲ್ ಅಂದರೆ ಒಂದು ಚಪ್ಪಾಳೆಗೆ ಬರುವಷ್ಟು ಧ್ವನಿ.)

ಮೊದಲ ನಿಯಮ ಸುಲಭ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ. ಸೋಫಾಗೆ ಇಲ್ಲಿ ಕಾ-ನಾ-ಪೇ, ಗೆಳೆಯನಿಗೆ ಆ-ಮಿ, ಪ್ರಾಣಿಗೆ ಆ-ನಿ-ಮಾಲ್. ಕನ್ನಡದವರಿಗೆ ಇದನ್ನು ಹೇಳಿಕೊಡುವುದೇ ಬೇಡ, ನಮ್ಮ ಕಾಗುಣಿತ ನಿಂತಿರುವುದೇ ಇದರ ಮೇಲೆ. ಇಂಗ್ಲಿಷ್ ಮೂಲಕ ಫ್ರೆಂಚ್‌ಗೆ ಹೋದವರಿಗೆ ಮಾತ್ರ ಇಲ್ಲೇ ತೊಂದರೆ, ಒಂದು ತುಂಡನ್ನು ಎತ್ತಿ ಹೇಳಿ ಉಳಿದವನ್ನು ನುಂಗಿಬಿಡುತ್ತಾರೆ. ಫ್ರೆಂಚಿನಲ್ಲಿ ಎಲ್ಲ ತುಂಡಿಗೂ ಹೆಚ್ಚುಕಡಿಮೆ ಒಂದೇ ತೂಕ, ಮಾತಿನ ಕೊನೆಯ ತುಂಡು ಮಾತ್ರ ಸ್ವಲ್ಪ ಎಳೆಯುತ್ತದೆ. ಇನ್ನೊಂದು ಲಾಭವೂ ನಮಗಿದೆ. ಇವರ ಟಿ ಅಕ್ಷರ ನಮ್ಮ ತ, ಡಿ ಅಕ್ಷರ ನಮ್ಮ ದ. ನಾಲಿಗೆ ಹಲ್ಲಿಗೇ ತಾಗಬೇಕು. ನಾವು ಇಂಗ್ಲಿಷಿನಿಂದ ಟ, ಡ ಅಂತ ಅಭ್ಯಾಸ ಮಾಡಿಕೊಂಡು ಬಂದು ಇಲ್ಲಿ ಟೇಬಲ್, ಟೊಮ್ಯಾಟೊ ಅನ್ನುವ ಹಾಗೆ ಓದುತ್ತೇವೆ. "ರೀ, ಟೂಲೂಸ್ ಅಲ್ಲ, ತು-ಲೂಜ಼್" ಅಂತ ನಾನು ಇವರಿಗೆ ಇವತ್ತಿಗೂ ಹೇಳುತ್ತಲೇ ಇದ್ದೇನೆ. ಇವರು ಇಂಗ್ಲಿಷ್ ಬಾಗಿಲಿಂದಲೇ ಒಳಗೆ ಬಂದವರು, ಕೇಳುವುದಿಲ್ಲ.

ಎರಡು ವ್ಯಂಜನ ಒಟ್ಟಿಗೆ ಬಂದಾಗ ವಿಷಯ ರುಚಿಗಟ್ಟುತ್ತದೆ. ಸಾಧಾರಣವಾಗಿ ನಡುವೆ ಕತ್ತರಿಸಬೇಕು, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಮಂಗಳವಾರ ಮಾರ್-ದಿ, ಹೊರಡುವುದು ಪಾರ್-ತೀರ್, ಥ್ಯಾಂಕ್ಸ್ ಅನ್ನುವುದು ಮೆರ್-ಸಿ. ಇದರಿಂದ ಏನು ಪ್ರಯೋಜನ ಅಂತ ಕೇಳಿದರೆ, ಇ (e) ಅಕ್ಷರದ ಇಡೀ ಗುಟ್ಟು ಇಲ್ಲಿದೆ. ಗೆರೆ ಗೀರೆ ಏನೂ ಇಲ್ಲದ ಬೋಳು ಇ ಒಂದು ಸಿಲಬಲ್‌ನ ಕೊನೆಯಲ್ಲಿ ಬಂದರೆ ಅದು ತುಟಿ ಸ್ವಲ್ಪ ಮುಂದೆ ಮಾಡಿ ಹೇಳುವ ಸಡಿಲವಾದ ಅ. ಅದೇ ಇ ಮುಂದೆ ಒಂದು ವ್ಯಂಜನ ಬಂದು ಸಿಲಬಲ್ ಮುಚ್ಚಿಕೊಂಡರೆ ನಮ್ಮ ಕನ್ನಡದ ಸ್ಪಷ್ಟವಾದ ಎ. ನೋಡುವುದು ಅನ್ನುವ ಕ್ರಿಯಾಪದ, ಉಳಿಯುವುದು ಅನ್ನುವ ಕ್ರಿಯಾಪದ, ಎರಡೂ ಆರ್-ಇ ಅಂತಲೇ ಶುರು. ಮೊದಲನೆಯದು ರ-ಗಾರ್-ದೇ, ಎರಡನೆಯದು ರೆಸ್-ತೇ. ಯಾಕೆಂದರೆ ಮೊದಲನೆಯದರಲ್ಲಿ ಜಿ ಮುಂದಿನ ತುಂಡಿಗೆ ಹೋಗಿ ಇ ಬಯಲಿನಲ್ಲಿ ಉಳಿಯಿತು, ಎರಡನೆಯದರಲ್ಲಿ ಎಸ್ ಬಂದು ಬಾಗಿಲು ಹಾಕಿತು. ಇದನ್ನು ಮೇಡಂ ಕಪ್ಪು ಹಲಗೆಯ ಮೇಲೆ ಎರಡು ಗೀಟು ಎಳೆದು ತೋರಿಸಿದ ದಿನ, ಅಲ್ಲಿಯವರೆಗೆ ಬಾಯಿಪಾಠ ಮಾಡಿದ್ದ ಪಟ್ಟಿಯಲ್ಲಿ ಮುಕ್ಕಾಲು ಪಾಲು ನನಗೆ ಬೇಡವಾಯಿತು.

ನನ್ನ ಹೆಸರು ಇಂಥದ್ದು ಅನ್ನುವಾಗ ಜ-ಮಾ-ಪೆಲ್ ಅನ್ನುತ್ತಾರೆ, ಅದರಲ್ಲಿ ಎಲ್ ಎರಡು. ಕರೆಯುವುದು ಅಂತ ಮೂಲ ರೂಪ ಹೇಳುವಾಗ ಆಪ್-ಲೇ, ಎಲ್ ಒಂದೇ. ಯಾಕೆ ಒಮ್ಮೆ ಎರಡು, ಒಮ್ಮೆ ಒಂದು ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ಎರಡು ಎಲ್ ಇದ್ದರೆ ಒಂದು ಹಿಂದಕ್ಕೆ ಹೋಗಿ ಇ-ಯನ್ನು ಮುಚ್ಚುತ್ತದೆ, ಎ ಅಂತ ಓದಿ ಅಂತ ಸೂಚನೆ ಅದು. ಕೊಳ್ಳುವುದು ಅನ್ನುವ ಪದದಲ್ಲಿ ಅದೇ ಕೆಲಸವನ್ನು ಇ ಮೇಲಿನ ಓರೆ ಗೆರೆ ಮಾಡುತ್ತದೆ. ಆಶ್-ತೇ, ಆದರೆ ಅವಳು ಕೊಳ್ಳುತ್ತಾಳೆ ಅನ್ನುವಾಗ ಎ-ಲಾ-ಶೆತ್. ಕೆಲಸ ಒಂದೇ, ಉಪಾಯ ಎರಡು. ಇಷ್ಟು ಅಚ್ಚುಕಟ್ಟಾದ ಭಾಷೆ ಎರಡು ಉಪಾಯ ಯಾಕೆ ಇಟ್ಟುಕೊಂಡಿತೋ, ಒಂದನ್ನೇ ಇಟ್ಟುಕೊಂಡಿದ್ದರೆ ನಮ್ಮಂಥವರ ಕಾಗುಣಿತ ಎಷ್ಟೋ ಉದ್ಧಾರ ಆಗುತ್ತಿತ್ತು.

ಈಗ ಕನ್ನಡದವರು ಎಡವುವ ಜಾಗ. ಎರಡನೆಯ ವ್ಯಂಜನ ಆರ್ ಅಥವಾ ಎಲ್ ಆಗಿದ್ದು, ಮೊದಲನೆಯದು ಪಿ, ಬಿ, ಟಿ, ಡಿ, ಸಿ, ಜಿ, ಎಫ್, ವಿ ಇವುಗಳಲ್ಲಿ ಒಂದಾದರೆ ಕತ್ತರಿಸಬಾರದು. ಜೋಡಿಯಾಗಿಯೇ ಮುಂದಕ್ಕೆ ಹೋಗಬೇಕು. (ಟಿ-ಎಲ್, ಡಿ-ಎಲ್ ಜೋಡಿಗೆ ಈ ರಿಯಾಯಿತಿ ಇಲ್ಲ, ಅಟ್ಲಾಸ್ ಇಲ್ಲಿ ಆತ್-ಲಾಸ್ ಆಗಿ ತುಂಡಾಗುತ್ತದೆ.) ಚಿತ್ರಪಟಕ್ಕೆ ತಾ-ಬ್ಲೋ. ಆಮೇಲೆ ಅನ್ನುವುದಕ್ಕೆ ಆ-ಪ್ರೆ. ನಮ್ಮ ಬಾಯಲ್ಲಿ ಇವು ತಾಬ್-ಬ್ಲೋ, ಆಪ್-ಪ್ರೆ ಆಗುತ್ತವೆ. ಮಗಳು ಎಷ್ಟು ಸಲ ತಿದ್ದಿದರೂ ನನಗೆ ವ್ಯತ್ಯಾಸವೇ ಕೇಳಿಸುತ್ತಿರಲಿಲ್ಲ. "ಅಮ್ಮಾ, ನೀನು ಮಧ್ಯದಲ್ಲಿ ನಿಲ್ತೀಯ" ಅನ್ನುತ್ತಿದ್ದಳು. ಕೊನೆಗೆ ಹೊಳೆದದ್ದು ಹೈಸ್ಕೂಲಿನ ಛಂದಸ್ಸಿನಿಂದ. ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಕಲಿತಿದ್ದೇವೆ ಅಲ್ವಾ, ಅದು ಯಾಕೆ ಗುರು? ನಾವು ಪತ್ರ ಅಂತ ಬರೆಯುವಾಗ ಪ ಒಂದು ಕಡೆ, ತ್ರ ಇನ್ನೊಂದು ಕಡೆ ಇಟ್ಟರೂ ಬಾಯಲ್ಲಿ ಪತ್ ಅಂತ ಒತ್ತಿ ನಿಂತು ಆಮೇಲೆ ಮುಂದೆ ಹೋಗುತ್ತೇವೆ. ಪುಸ್ತಕ ಬರೆಯುವುದು ಪು-ಸ್ತ-ಕ, ಹೇಳುವುದು ಪುಸ್-ತ-ಕ. ಅಂದರೆ ಬರೆಯುವಾಗಿನ ತುಂಡು ಬೇರೆ, ಬಾಯಿಯ ತುಂಡು ಬೇರೆ ಅನ್ನುವುದು ನಮ್ಮಲ್ಲೂ ಇದೆ, ನಾವು ಗಮನಿಸಿಲ್ಲ ಅಷ್ಟೇ.

ಫ್ರೆಂಚಿನ ಆ-ಪ್ರೆ ಹೇಳಬೇಕಾದರೆ ಒತ್ತಕ್ಷರ ಇದ್ದರೂ ಹಿಂದಿನದನ್ನು ಲಘುವಾಗಿಯೇ ಬಿಡಬೇಕು. ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವ ನೆನಪಿರಬಹುದು. ಕೆಲವು ಪದಗಳಲ್ಲಿ ಒತ್ತಕ್ಷರವನ್ನು ಒತ್ತದೆ ತೇಲಿಸಿ ಹೇಳಬೇಕು, ಹಿಂದಿನ ಅಕ್ಷರ ಲಘುವೇ ಅಂತ ಲೆಕ್ಕ. ಪರೀಕ್ಷೆಗೆ ಒಂದು ಮಾರ್ಕಿಗೆ ಓದಿದ್ದು ಗಾರೋನ್ ನದಿಯ ದಂಡೆಯಲ್ಲಿ ಕೆಲಸಕ್ಕೆ ಬಂತು. ಆ ತೇಲಿಸುವ ಒತ್ತನ್ನು ನೆನೆಸಿಕೊಂಡು ಆ-ಪ್ರೆ, ತಾ-ಬ್ಲೋ, ಸ-ಕ್ರೇ-ತೆರ್ ಅಂತ ನಿಧಾನಕ್ಕೆ ಹೇಳಿಕೊಂಡು ಹೋದೆ. ಕೊನೆಯದು ಸೆಕ್ರೆಟರಿ. ಅಲ್ಲೂ ಅದೇ ನಿಯಮ, ಸಿ-ಆರ್ ಜೋಡಿ ಮುಂದಕ್ಕೆ ಹೋದದ್ದರಿಂದ ಮೊದಲ ಇ ಬಯಲಾಗಿ ಸಡಿಲ ಅ ಆಯಿತು.

ಇದರ ತಮ್ಮನೇ ಇಮ್ಮಡಿ ವ್ಯಂಜನ. ನಮಗೆ ಬಳಿ ಬೇರೆ, ಬಳ್ಳಿ ಬೇರೆ. ಆದ್ದರಿಂದ ಎರಡು ಎಲ್, ಎರಡು ಎನ್ ಕಂಡರೆ ಸಾಕು, ಒತ್ತಿ ಹೇಳುವುದು ನಮ್ಮ ಸ್ವಭಾವ. ಫ್ರೆಂಚರು ಎರಡು ಬರೆಯುತ್ತಾರೆ, ಒಂದೇ ಹೇಳುತ್ತಾರೆ. ಚೆಂಡಿಗೆ ಬರೆಯುವಾಗ ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಎರಡು ಎಲ್ ನಡುವೆ ಮುರಿಯಬೇಕು, ಹೇಳುವಾಗ ಬಾ-ಲೋಂ ಅಷ್ಟೇ. ಎರಡು ಎಸ್ ಮಾತ್ರ ಬೇರೆ ಜಾತಿ. ಸ್ವರಗಳ ನಡುವೆ ಒಂಟಿ ಎಸ್ ಇದ್ದರೆ ಜ಼, ಜೋಡಿ ಇದ್ದರೆ ಸ. ಪ್ವಾ-ಸೋಂ ಅಂದರೆ ಮೀನು, ಪ್ವಾ-ಜ಼ೋಂ ಅಂದರೆ ವಿಷ. ಹೋಟೆಲಿನಲ್ಲಿ ಊಟದ ಕೊನೆಗೆ ಬರುವ ಸಿಹಿ ದೇ-ಸೆರ್, ಮರಳುಗಾಡು ದೇ-ಜ಼ೆರ್. ಇಲ್ಲಿನ ಮೇಷ್ಟ್ರುಗಳೆಲ್ಲ ಇದೇ ಉದಾಹರಣೆ ಕೊಟ್ಟು ನಗಿಸುತ್ತಾರೆ, ಸ್ವಲ್ಪ ಹಳಸಿದ ಜೋಕು, ಆದರೂ ನೆನಪಿನಲ್ಲಿ ಉಳಿಯುತ್ತದೆ.

ಮೂಗಿನ ಸ್ವರಗಳ ಬಗ್ಗೆ ಜನ ಬಹಳ ಹೆದರಿಸುತ್ತಾರೆ. ಧ್ವನಿ ಕಷ್ಟವೇ, ಒಪ್ಪುತ್ತೇನೆ. ನಮ್ಮ ಸೊನ್ನೆ ಮುಂದಿನ ಅಕ್ಷರ ನೋಡಿಕೊಂಡು ಙ, ಞ, ಣ, ನ, ಮ ಏನಾದರೂ ಒಂದು ಆಗುತ್ತದೆ, ನಾಲಿಗೆ ಅಥವಾ ತುಟಿ ಎಲ್ಲೋ ತಾಗುತ್ತದೆ. ಇಲ್ಲಿ ಎಲ್ಲೂ ತಾಗಬಾರದು, ಬಾಯಿ ತೆರೆದೇ ಇರಬೇಕು, ಗಾಳಿ ಮೂಗಿಗೂ ಹೋಗಬೇಕು. ಆದರೆ ಯಾವಾಗ ಮೂಗಿಗೆ ಹೋಗಬೇಕು ಅನ್ನುವುದು ಮಾತ್ರ ಮತ್ತೆ ಕತ್ತರಿಯ ಲೆಕ್ಕ. ಎನ್ ಅಥವಾ ಎಮ್ ಅದೇ ಸಿಲಬಲ್‌ನ ಒಳಗೆ ಸ್ವರದ ಹಿಂದೆ ಸಿಕ್ಕಿಕೊಂಡರೆ ಸ್ವರ ಮೂಗಿಗೆ, ಎನ್ ಮಾಯ. ಮುಂದೆ ಸ್ವರ ಇದ್ದು ಎನ್ ಅದರ ಜೊತೆ ಹೋದರೆ ಸ್ವರ ಶುದ್ಧ, ಎನ್ ನಮ್ಮ ನ-ದ ಹಾಗೆ ಕೇಳುತ್ತದೆ. ಉಪಯೋಗವಿಲ್ಲದ್ದು ಅನ್ನುವುದಕ್ಕೆ ಇ-ನ್ಯು-ತೀಲ್, ಕೈಲಾಗದವನು ಅನ್ನುವುದಕ್ಕೆ ಏಂ-ಕಾ-ಪಾಬ್ಲ್, ಎರಡೂ ಶುರುವಾಗುವುದು ಐ-ಎನ್‌ನಿಂದಲೇ. ಒಳ್ಳೆಯವನು ಬೋಂ, ಒಳ್ಳೆಯವಳು ಬೊನ್. ಇಮ್ಮಡಿ ಎನ್ ಬಂದರೆ ಮೂಗು ಬಿಟ್ಟುಬಿಡಬೇಕು, ವರ್ಷಕ್ಕೆ ಆ-ನೇ ಅಂದ ಹಾಗೆ.

ಜಿ-ಎನ್ ಜೋಡಿ ಕಂಡರೆ ನನಗೆ ಖುಷಿ. ಬೆಟ್ಟಕ್ಕೆ ಮೋಂ-ತಾಞ್. ಒಂದನೇ ಕ್ಲಾಸಿನಲ್ಲಿ ಬರೆಯಲು ಕಲಿತ ಮೇಲೆ ಒಂಟಿಯಾಗಿ ಎಲ್ಲೂ ಬಳಸದ ಆ ಞ-ಗೆ ಇಲ್ಲಿ ದಿನವೂ ಕೆಲಸ. ನಮ್ಮ ವಿಮಾನ ನಿಲ್ದಾಣದ ಊರೇ ಬ್ಲಾ-ಞಾಕ್.

ಇಷ್ಟು ಹೊತ್ತು ಹೇಳಿದ್ದು ಕ್ಲಾಸಿನ ಫ್ರೆಂಚ್. ಬೀದಿಗೆ ಇಳಿದರೆ ಚಪ್ಪಾಳೆಯ ಲೆಕ್ಕವೇ ತಪ್ಪುತ್ತದೆ. ಪದದ ಕೊನೆಯ ಇ, ನಡುವಿನ ಸಡಿಲ ಇ, ಇವನ್ನು ಪ್ಯಾರಿಸ್ ಕಡೆಯವರು ನುಂಗುತ್ತಾರೆ. ಬೇಕರಿಗೆ ಬರೆಯುವಾಗ ನಾಲ್ಕು ತುಂಡು, ಬು-ಲಾಂ-ಜ಼-ರಿ. ಅವರು ಹೇಳುವುದು ಮೂರು, ಬು-ಲಾಂಜ಼್-ರಿ. ಶನಿವಾರ ಸಾಮ್-ದಿ, ನಡುವಿನ ಇ ಹೋಯಿತು. ಆದರೆ ಶುಕ್ರವಾರ ವಾಂ-ದ್ರ-ದಿ, ಅಲ್ಲಿ ಇ ಉಳಿಯಿತು. ಯಾಕೆ? ತೆಗೆದರೆ ಡಿ, ಆರ್, ಡಿ ಮೂರು ವ್ಯಂಜನ ಒಂದರ ಮೇಲೊಂದು ಬೀಳುತ್ತವೆ, ನಾಲಿಗೆ ತಡವರಿಸುತ್ತದೆ. ಮೂರು ವ್ಯಂಜನ ಸೇರುವ ಕಡೆ ಇ ಉಳಿಸಿಕೊಳ್ಳಬೇಕು ಅನ್ನುವ ಇದನ್ನು ಮೊರೀಸ್ ಗ್ರಾಮೋಂ ಅನ್ನುವ ಭಾಷಾ ವಿದ್ವಾಂಸರು ಮೂರು ವ್ಯಂಜನಗಳ ನಿಯಮ ಅಂತ ಕರೆದರು. ನಾನು ಇದನ್ನು ಗಟ್ಟಿ ಮಾಡಿಕೊಂಡದ್ದು ಮೆಟ್ರೋದಲ್ಲಿ. ಬಿ ಲೈನಿನ ಒಂದು ತುದಿಯ ಸ್ಟೇಷನ್ ಬೋರ್-ದ-ರೂಜ಼್, ಆರ್, ಡಿ, ಆರ್ ಮೂರೂ ಕಾದು ಕೂತಿವೆ, ಹಾಗಾಗಿ ನಡುವಿನ ಇ-ಗೆ ಜೀವ ಉಂಟು.

ಇದೇ ನುಂಗುವ ಚಾಳಿ ಕಾಗುಣಿತವನ್ನೂ ಬದಲಾಯಿಸಿದೆ. ಘಟನೆ ಅನ್ನುವ ಪದವನ್ನು ಹಳೆಯ ರೀತಿಯಲ್ಲಿ ಬರೆದರೆ ಎ-ವೇ-ನ-ಮಾಂ ಅಂತ ಓದಬೇಕಾಗುತ್ತದೆ, ಎರಡನೇ ಇ ಮೇಲೆ ಬಲಕ್ಕೆ ಏರುವ ಗೆರೆ. ಜನ ಹೇಳುವುದು ಎ-ವೆನ್-ಮಾಂ. ಮೂರನೇ ಇ ಹೋದ ಮೇಲೆ ಎನ್ ಹಿಂದಕ್ಕೆ ಬಂದು ಎರಡನೇ ತುಂಡನ್ನು ಮುಚ್ಚಿತಲ್ಲ, ಮುಚ್ಚಿದ ತುಂಡಿನಲ್ಲಿ ಎ ಅಗಲವಾಗುತ್ತದೆ. 1990ರ ಕಾಗುಣಿತ ತಿದ್ದುಪಡಿಯಲ್ಲಿ ಆ ಗೆರೆಯನ್ನು ಎಡಕ್ಕೆ ತಿರುಗಿಸಿ ಬರೆಯಬಹುದು ಅಂತ ಹೇಳಿದರು. ಎರಡೂ ಈಗ ನಡೆಯುತ್ತವೆ. ಒಂದು ಗೆರೆಯ ಓರೆಗೆ ಸರಕಾರಿ ಗೆಜೆಟ್ಟೇ ಬೇಕಾಯಿತು, ಇವರ ಭಾಷಾ ಪ್ರೀತಿಗೆ ಏನು ಹೇಳೋಣ!

ಮಜಾ ಇರುವುದು ತುಲೂಜ಼್‌ನವರ ಬಾಯಲ್ಲಿ. ಇವರು ನುಂಗುವುದೇ ಕಡಿಮೆ. ನಮ್ಮ ಮೇಡಂ ಅಪ್ಪಟ ಈ ಕಡೆಯವರು, ಅವರ ಪ್ರಕಾರ ಊರಿನ ಹೆಸರು ತು-ಲೂ-ಜ಼ ಅಂತ ಮೂರು ಚಪ್ಪಾಳೆ. ಕೆಂಪು ಇಟ್ಟಿಗೆಯ ಕಟ್ಟಡಗಳಿಂದ ಈ ಊರಿಗೆ ಗುಲಾಬಿ ನಗರ ಅಂತ ಅಡ್ಡ ಹೆಸರು, ಆ ಗುಲಾಬಿ ಉತ್ತರದವರಿಗೆ ರೋಜ಼್, ಒಂದು ಚಪ್ಪಾಳೆ, ಇಲ್ಲಿ ರೊ-ಜ಼, ಎರಡು. ಬೇಕರಿಗೆ ಇಲ್ಲಿ ನಾಲ್ಕೂ ತುಂಡು ಕೇಳಿಸುತ್ತವೆ. ಮೂಗಿನ ಸ್ವರದ ಬಾಲಕ್ಕೂ ಒಂದು ಸಣ್ಣ ಙ ಅಂಟಿಕೊಂಡಿರುತ್ತದೆ, ಬ್ರೆಡ್ಡು ಪೇಂ ಅಲ್ಲ, ಹೆಚ್ಚುಕಡಿಮೆ ಪೆಂಗ್. ಇಲ್ಲಿನ ಹಳೆಯ ಭಾಷೆ ಒಕ್ಸಿತಾನ್, ಪದದ ಕೊನೆಯ ಸ್ವರಗಳನ್ನು ಉಳಿಸಿಕೊಂಡ ಭಾಷೆ ಅದು, ಅದರ ನೆರಳು ಇವರ ಫ್ರೆಂಚ್ ಮೇಲೆ ಬಿದ್ದಿದೆ. ಮೆಟ್ರೋದಲ್ಲಿ ಸ್ಟೇಷನ್ ಹೆಸರನ್ನು ಫ್ರೆಂಚ್ ಆದ ಮೇಲೆ ಒಕ್ಸಿತಾನ್‌ನಲ್ಲೂ ಹೇಳುತ್ತಾರೆ, ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ. ಬಸ್ಸು, ಕಾರು, ಬ್ರೆಡ್ಡು ಅಂತ ಕೊನೆಗೊಂದು ಸ್ವರ ಇಡದೆ ಸಮಾಧಾನವಾಗದ ನಮಗೆ ಈ ಊರು ಹೇಳಿ ಮಾಡಿಸಿದ ಜಾಗ. ಉತ್ತರದ ಊರಿಗೆ ಹೋಗಿದ್ದರೆ ಎಷ್ಟು ಒದ್ದಾಡುತ್ತಿದ್ದೆನೋ. ಮನೆಯಲ್ಲಿ ಮಾತ್ರ ಇದರಿಂದ ಜಗಳ. ಪುಸ್ತಕದ ಕಮಾನು ಒಂದು ಹೇಳುತ್ತದೆ, ಟಿವಿ ಒಂದು ಹೇಳುತ್ತದೆ, ಮಗಳ ಟೀಚರು ಮೂರನೆಯದು ಹೇಳುತ್ತಾರೆ. ಬರೆಯುವ ಸಿಲಬಲ್, ಹೇಳುವ ಸಿಲಬಲ್ ಎರಡೂ ಬೇರೆ ಅಂತ ಸ್ಕೂಲಿನಲ್ಲೇ ಬೇರೆ ಬೇರೆಯಾಗಿ ಕಲಿಸುತ್ತಾರೆ ಅನ್ನುವುದು ಗೊತ್ತಾದ ಮೇಲೆ ಜಗಳ ಕಡಿಮೆಯಾಯಿತು.

ಅದೇ ಮೆಟ್ರೋದ ಎ ಲೈನಿನಲ್ಲಿ ಸೇಂ-ಸಿ-ಪ್ರಿ-ಯೇಂ ಅಂತ ಒಂದು ಸ್ಟೇಷನ್ ಇದೆ. ಐ-ಇ-ಎನ್ ಸಾಧಾರಣವಾಗಿ ಒಂದೇ ತುಂಡು, ಚೆನ್ನಾಗಿದೆ ಅನ್ನುವುದಕ್ಕೆ ಬ್ಯೇಂ ಅಂದ ಹಾಗೆ. ಆದರೆ ಹಿಂದೆ ಪಿ-ಆರ್, ಸಿ-ಎಲ್ ಅಂಥ ಜೋಡಿ ಇದ್ದರೆ ಬಾಯಿಗೆ ಜಾಸ್ತಿ ತುತ್ತಾಗುತ್ತದೆ ಅಂತ ಐ ಬೇರೆ ತುಂಡಾಗಿ ನಿಲ್ಲುತ್ತದೆ. ಗಿರಾಕಿಗೆ ಕ್ಲಿ-ಯಾಂ, ಕಾರ್ಮಿಕನಿಗೆ ಉ-ವ್ರಿ-ಯೇ. ಕೊನೆಯವನು ಅನ್ನುವುದಕ್ಕೆ ದೆರ್-ನ್ಯೇ, ಅಲ್ಲಿ ಜೋಡಿ ಒಡೆದು ಹೋದದ್ದರಿಂದ ಒಂದೇ ತುಂಡು. ಇದು ನನಗೆ ಯಾರೂ ಹೇಳಿಕೊಡದೆ ಸ್ಟೇಷನ್ ಹೆಸರು ಕೇಳಿ ಕೇಳಿ ಬಂತು, ನಿಯಮ ಗೊತ್ತಾದದ್ದು ಆಮೇಲೆ.

ಇನ್ನು ಪದಗಳ ನಡುವಿನ ಗೋಡೆ. ಓದುವಾಗ ಇರುವ ಜಾಗ ಮಾತಿನಲ್ಲಿ ಇಲ್ಲ. ಹಿಂದಿನ ಪದದ ಕೊನೆಯ ವ್ಯಂಜನ ಮುಂದಿನ ಪದದ ಸ್ವರಕ್ಕೆ ಹಾರಿ ಕೂರುತ್ತದೆ. ಅವಳ ಜೊತೆ ಅನ್ನಲು ಆ-ವೆ-ಕೆಲ್. ಹೇಗಿದ್ದೀರಿ ಅನ್ನಲು ಕೊ-ಮಾಂ-ತಾ-ಲೇ-ವು, ಆ ತ ಒಂಟಿ ಪದದಲ್ಲಿ ಮೂಕ, ಇಲ್ಲಿ ಎದ್ದು ಬಂತು. ಕ್ಲಾಸಿನಲ್ಲಿ ಚೀನಾದವರು, ಬ್ರೆಜಿಲ್‌ನವರು ಎಲ್ಲ ಇದನ್ನು ವಿಚಿತ್ರ ಅಂತ ನೋಡುತ್ತಿದ್ದರೆ ನನಗೆ ಸಂಧಿ ಪಾಠ ನೆನಪಾಗುತ್ತಿತ್ತು. ಗೆಳೆಯ ಅನ್ನುವುದಕ್ಕೆ ಹಿಂದೆ ಲ (ಇಂಗ್ಲಿಷಿನ ದಿ ಇದ್ದ ಹಾಗೆ) ಸೇರಿಸಿದರೆ ಲಾ-ಮಿ, ಒಂದು ಸ್ವರ ಬಿದ್ದುಹೋಯಿತು, ನಮ್ಮ ಲೋಪಸಂಧಿ. ದೊಡ್ಡ ಮನುಷ್ಯ ಅನ್ನುವಾಗ ಗ್ರಾಂ-ತೊಮ್, ಬರೆಯುವುದು ಡಿ, ಕೇಳುವುದು ತ. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಕ ಹೋಗಿ ಗ ಬರುತ್ತದೆ, ಇಲ್ಲಿ ಉಲ್ಟಾ ದಿಕ್ಕು. ಒಂಬತ್ತು ಅನ್ನುವ ನಫ್ ಮಾತ್ರ ನಮ್ಮದೇ ದಿಕ್ಕಿನದು, ಗಂಟೆ, ವರ್ಷ ಇವುಗಳ ಮುಂದೆ ಫ ಹೋಗಿ ವ ಆಗುತ್ತದೆ, ನ-ವರ್, ನ-ವಾಂ. ಆರು ಅನ್ನುವುದಂತೂ ಮೂರು ವೇಷ ಹಾಕುತ್ತದೆ. ಒಂಟಿಯಾಗಿ ಸಿಸ್, ಆರು ಪುಸ್ತಕ ಅನ್ನುವಾಗ ಸಿ-ಲೀವ್ರ್, ಆರು ಗೆಳೆಯರು ಅನ್ನುವಾಗ ಸಿ-ಜ಼ಾ-ಮಿ. ನನ್ನ ಗೆಳೆಯ ಮೋಂ-ನಾ-ಮಿ, ಮೂಗು ಉಳಿಯಿತು. ಒಳ್ಳೆಯ ಗೆಳೆಯ ಬೊ-ನಾ-ಮಿ, ಮೂಗು ಹೋಯಿತು. ಇದಕ್ಕೆ ಕಾರಣ ಕೇಳಿದರೆ ಮೇಡಂ "ಹಾಗೇ" ಅಂದರು. ಸರಿ, ಹಾಗೇ.

ಎಚ್ ಅಕ್ಷರದ ಕಥೆ ಒಂದು ಹೇಳಿ ಮುಂದೆ ಹೋಗುತ್ತೇನೆ. ಅದನ್ನು ಯಾರೂ ಉಚ್ಚರಿಸುವುದಿಲ್ಲ, ಆದರೂ ಅದರಲ್ಲಿ ಎರಡು ಪಂಗಡ. ಒಂದು ಪಂಗಡ ಹಿಂದಿನ ವ್ಯಂಜನವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಇನ್ನೊಂದು ಬಿಡುವುದಿಲ್ಲ. ಬಹುವಚನಕ್ಕೆ ಹಿಂದೆ ಬರುವ ಲೇ ಅನ್ನುವುದರ ಕೊನೆಯ ಮೂಕ ಎಸ್ ಸ್ವರದ ಮುಂದೆ ಜ಼ ಆಗಿ ಏಳುತ್ತದೆ. ಹುರುಳಿಕಾಯಿ ಎರಡನೇ ಪಂಗಡ, ಲೇ-ಆ-ರಿ-ಕೋ ಅನ್ನಬೇಕು, ನಡುವೆ ಜ಼ ಹಾಕಿದರೆ ತರಕಾರಿ ಅಂಗಡಿಯವರೂ ತಿದ್ದುತ್ತಾರೆ. ವೀರರು ಅನ್ನುವ ಪದವೂ ಎರಡನೇ ಪಂಗಡ, ಲೇ-ಏ-ರೋ. ಅಲ್ಲಿ ಜ಼ ಸೇರಿಸಿದರೆ ಲೇ-ಜ಼ೇ-ರೋ, ಅಂದರೆ ಸೊನ್ನೆಗಳು. ವೀರವನಿತೆಯರು ಮಾತ್ರ ಒಂದನೇ ಪಂಗಡ, ಅವರಿಗೆ ಜ಼ ಉಂಟು, ಲೇ-ಜ಼ೇ-ರೊ-ಈನ್.

ನಮ್ಮ ಮೆಟ್ಟಿಲ ಕೆಳಗೆ ಕೂತು ಹರಟುವ ಹೈಸ್ಕೂಲು ಹುಡುಗರ ಮಾತು ಬಹಳ ದಿನ ನನಗೆ ಅರ್ಥವಾಗಿರಲಿಲ್ಲ. ಅವರು ತುಂಡುಗಳನ್ನು ಹಿಂದುಮುಂದು ಮಾಡಿ ಆಡುತ್ತಾರೆ, ಅದಕ್ಕೆ ವೆರ್-ಲಾಂ ಅಂತ ಹೆಸರು, ಉಲ್ಟಾ ಅನ್ನುವ ಲಾಂ-ವೆರ್ ಅನ್ನೇ ತಿರುಗಿಸಿದ್ದು. ಮೆರ್-ಸಿ ಆದದ್ದು ಸಿ-ಮೆರ್, ಬಿ-ಜ಼ಾರ್ ಆದದ್ದು ಜ಼ಾರ್-ಬಿ. ಬೆಲ್ಜಿಯಂನ ಗಾಯಕ ಸ್ಟ್ರೊಮಾಯ್ ತನ್ನ ಹೆಸರು ಮಾಡಿಕೊಂಡದ್ದೂ ಹೀಗೇ, ಮಾಯೆಸ್ಟ್ರೋ ಅನ್ನುವುದನ್ನು ತಿರುವಿ. ಮಗಳು ಇದನ್ನು ಕಲಿತು ಮನೆಯ ಪಾತ್ರೆ ಪಗಡಕ್ಕೆಲ್ಲ ಹೆಸರು ತಿರುಗಿಸುತ್ತಿದ್ದಾಗ ನಾನು ಚಿಕ್ಕಂದಿನಲ್ಲಿ ಪ್ರತಿ ಅಕ್ಷರದ ಹಿಂದೆ ಕ ಸೇರಿಸಿ ಆಡುತ್ತಿದ್ದ ಗುಟ್ಟು ಭಾಷೆ ಹೇಳಿಕೊಟ್ಟೆ. ಅವಳಿಗೆ ಎರಡೂ ಈಗ ನೀರು ಕುಡಿದಷ್ಟು ಸುಲಭ. ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ಹೆಂಗಸು ಅನ್ನುವುದು ಫಾಮ್, ಒಂದೇ ತುಂಡು, ತಿರುಗಿಸಲು ಏನಿದೆ? ಅವರು ಕೊನೆಯ ಮೂಕ ಇ-ಯನ್ನು ಎಬ್ಬಿಸಿ ಫಾ-ಮ ಮಾಡಿ, ತಿರುವಿ ಮ-ಫಾ ಮಾಡಿ, ಬಾಲ ಕತ್ತರಿಸಿ ಮಫ್ ಮಾಡಿದ್ದಾರೆ. ಯಾರೂ ಹೇಳದ ಆ ಇ ಒಳಗೆ ಎಲ್ಲೋ ಜೀವಂತ ಇದೆ ಅನ್ನುವುದಕ್ಕೆ ಈ ಹುಡುಗರಿಗಿಂತ ದೊಡ್ಡ ಸಾಕ್ಷಿ ಬೇಡ.

ಅಭ್ಯಾಸ ಹೇಗೆ ಮಾಡುವುದು ಅಂತ ಕೇಳುವವರಿಗೆ ನನ್ನ ರೀತಿ ಹೇಳುತ್ತೇನೆ. ಆರ್‌ಎಫ್‌ಐ ರೇಡಿಯೋದಲ್ಲಿ ಸುಲಭ ಫ್ರೆಂಚಿನ ಸುದ್ದಿ ಬರುತ್ತದೆ, ಹತ್ತು ನಿಮಿಷದ್ದು. ಅದರ ಒಂದು ವಾಕ್ಯ ಕೇಳಿ, ನಿಲ್ಲಿಸಿ, ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ತುಂಡು ತುಂಡಾಗಿ ಬರೆಯುತ್ತೇನೆ, ಅರ್ಥದ ಗೊಡವೆಗೇ ಹೋಗುವುದಿಲ್ಲ. ಆಮೇಲೆ ಆ ತುಂಡುಗಳಲ್ಲಿ ಯಾವುದು ಯಾವ ಪದದ್ದು ಅಂತ ಗೀಟು ಹಾಕುತ್ತೇನೆ. ಕನ್ನಡ ಲಿಪಿ ಇದಕ್ಕೆ ಇಂಗ್ಲಿಷಿಗಿಂತ ಎಷ್ಟೋ ವಾಸಿ. ಕೆಲವು ಧ್ವನಿಗೆ ಮಾತ್ರ ನಮ್ಮಲ್ಲಿ ಜಾಗ ಇಲ್ಲ, ಮುಖ್ಯವಾಗಿ ಮೂರಕ್ಕೆ. ಗಂಟಲಿನ ಆರ್, ಜ಼, ಮತ್ತೆ ಊ ತುಟಿ ಇಟ್ಟುಕೊಂಡು ಈ ಹೇಳುವ ಅವರ ಯು. ಅವಕ್ಕೆ ಕೆಳಗೊಂದು ಚುಕ್ಕಿ ಇಟ್ಟುಕೊಂಡಿದ್ದೇನೆ. ಗಟ್ಟಿಯಾಗಿ ಓದುವಾಗ ಹಿಂದಿನಿಂದ ಕಟ್ಟಿಕೊಂಡು ಬರುವುದು ಒಳ್ಳೆಯದು, ಮೊದಲು ಕೊನೆಯ ತುಂಡು, ಆಮೇಲೆ ಕೊನೆಯ ಎರಡು, ಆಮೇಲೆ ಮೂರು. ಮುಂದಿನಿಂದ ಹೋದರೆ ಶುರುವಿನಲ್ಲೇ ಗಟ್ಟಿಯಾಗಿ ಹೇಳಿ ಕೊನೆಗೆ ಉಸಿರು ಬಿಡುತ್ತೇವೆ, ಫ್ರೆಂಚಿಗೆ ಬೇಕಾದದ್ದು ಅದರ ಉಲ್ಟಾ.

ಫೋನಿನಲ್ಲಿ ಮಾತ್ರ ಇನ್ನೂ ಕಷ್ಟ ಇದೆ. ಮೊನ್ನೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಅಪಾಯಿಂಟ್‌ಮೆಂಟ್ ಬದಲಾಯಿಸಲು ಫೋನ್ ಬಂತು. ಆ ಕಡೆಯವರು ಒಂದೇ ಉಸಿರಿಗೆ ಹೇಳಿದ್ದರಲ್ಲಿ ಕೊನೆಗೆ ದಿಜ಼್-ನ-ವರ್ ಅಂತ ಕೇಳಿಸಿತು. ಹತ್ತು, ಒಂಬತ್ತು, ಗಂಟೆ, ಮೂರೂ ಅಂಟಿಕೊಂಡಿದ್ದವು. ಫ ಹೋಗಿ ವ ಬಂದದ್ದರಿಂದ ಒಂಬತ್ತು ಅಂತ ಹೊಳೆಯಿತು, ಹತ್ತೊಂಬತ್ತು ಗಂಟೆ, ಅಂದರೆ ಸಂಜೆ ಏಳು. ವಾರ ಯಾವುದು ಅನ್ನುವುದನ್ನು ಮಾತ್ರ ಇನ್ನೊಮ್ಮೆ ಹೇಳಿ ಅಂದೆ. ಸಾಮ್-ದಿ ಅಂದರು. ಉತ್ತರದ ಕಡೆಯವರು ಇರಬೇಕು.